ಹಾಲಿನ ಲೆಕ್ಕಕ್ಕೆ ಯಾವ ಪರವಾನಗಿ? ಕೋಲಾರ ಜಿಲ್ಲೆಯ ಒಂದು ಹಾಲು ಸಂಘದ ಪ್ರಕರಣ ಅಧ್ಯಯನ

ಮುಳಬಾಗಿಲು ತಾಲ್ಲೂಕಿನ ನಮ್ಮ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ನಾನು ಆಡಳಿತ ಮಂಡಳಿಯ ನಿರ್ದೇಶಕ. ಅದಕ್ಕೆ ಮೊದಲು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಚಿನ್ನ, ಹಾಲು, ರೇಷ್ಮೆಯ ನಾಡು ಎಂದು ಹೆಸರಾದ ಈ ಜಿಲ್ಲೆಯಲ್ಲಿ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೊಳವೆಬಾವಿಯನ್ನೇ ನಂಬಿದ ಊರುಗಳಲ್ಲಿ ಬೆಳೆ ಕೈಕೊಟ್ಟ ವರ್ಷ ಮನೆ ನಡೆಯುವುದು ಹಾಲಿನ ಬಟವಾಡೆಯಿಂದಲೇ. ಆದ್ದರಿಂದ ಡೇರಿಯ ಚೀಟಿಯಲ್ಲಿ ಅಚ್ಚಾಗುವ ಅಂಕಿಗಳನ್ನು ಇಲ್ಲಿ ಯಾರೂ ಹಗುರವಾಗಿ ನೋಡುವುದಿಲ್ಲ. ಅಂಥ ಒಂದು ಅಂಕಿಯ ಬಗ್ಗೆ ಎದ್ದ ಪ್ರಶ್ನೆಯು ಕೊನೆಗೆ ಸ್ವತಂತ್ರ ತಂತ್ರಾಂಶದ ಪರ ಇರುವವರಿಗೂ ಓಪನ್ ಸೋರ್ಸ್ ಪರ ಇರುವವರಿಗೂ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನಡೆದಿರುವ ತಾತ್ವಿಕ ಭಿನ್ನಾಭಿಪ್ರಾಯವನ್ನು ನಮ್ಮ ಸಂಘದ ಮೇಜಿನ ಮೇಲೆ ತಂದಿಟ್ಟಿತು. ಆ ಪ್ರಕರಣವನ್ನು ಮೊದಲಿನಿಂದ ದಾಖಲಿಸುವುದು ಈ ಬರಹದ ಉದ್ದೇಶ.

ಪ್ರಶ್ನೆ ಹುಟ್ಟಿದ ಬಗೆ

ನಮ್ಮಲ್ಲಿ ಹಾಲಿನ ಬೆಲೆ ನಿರ್ಧಾರವಾಗುವುದು ಎರಡು ಅಂಶಗಳಿಂದ: ಒಂದು ಕೊಬ್ಬು, ಅಂದರೆ ಎಲ್ಲರೂ ಹೇಳುವ ಫ್ಯಾಟ್, ಇನ್ನೊಂದು ಕೊಬ್ಬನ್ನು ಬಿಟ್ಟು ಉಳಿದ ಘನಾಂಶ, ಅಂದರೆ ಎಸ್‌ಎನ್‌ಎಫ್. ಫ್ಯಾಟನ್ನು ಯಂತ್ರ ಅಳೆಯುತ್ತದೆ. ಎಸ್‌ಎನ್‌ಎಫನ್ನು ನಮ್ಮ ಸಂಘದಲ್ಲಿ ನೇರವಾಗಿ ಅಳೆಯುತ್ತಿರಲಿಲ್ಲ. ಹಾಲು ಪರೀಕ್ಷಕರು ಹಾಲಿನ ಸಾಂದ್ರತೆ ತೋರಿಸುವ ಲ್ಯಾಕ್ಟೋಮೀಟರ್ ಇಳಿಸಿ ಡಿಗ್ರಿ ಓದಿ ಅದನ್ನು ಲೆಕ್ಕ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಒತ್ತಿದರೆ, ಪೆಟ್ಟಿಗೆಯೊಳಗಿನ ತಂತ್ರಾಂಶ ಡಿಗ್ರಿ ಮತ್ತು ಫ್ಯಾಟ್ ಎರಡನ್ನೂ ಸೇರಿಸಿ ಲೆಕ್ಕ ಮಾಡಿ ಚೀಟಿ ಕೊಡುತ್ತಿತ್ತು. ಎಸ್‌ಎನ್‌ಎಫ್ 8.5 ಮುಟ್ಟಿದ ಹಾಲಿಗೂ ಮುಟ್ಟದ ಹಾಲಿಗೂ ದರಪಟ್ಟಿಯಲ್ಲಿ ವ್ಯತ್ಯಾಸವಿದೆ.

ಒಮ್ಮೆ ಆ ಪೆಟ್ಟಿಗೆ ಕೆಟ್ಟು ನಾಲ್ಕು ದಿನ ರಿಪೇರಿಗೆ ಹೋಯಿತು. ಅಷ್ಟೂ ದಿನ ಪರೀಕ್ಷಕರು ಗೋಡೆಗೆ ಅಂಟಿಸಿದ್ದ ಹಳೆಯ ತಃಖ್ತೆಯನ್ನು ನೋಡಿ ಕೈಯಲ್ಲೇ ಚೀಟಿ ಬರೆದರು. ಪೆಟ್ಟಿಗೆ ವಾಪಸು ಬಂದ ಮಾರನೆಯ ದಿನ, ಒಂದು ಜರ್ಸಿ ಮಿಶ್ರತಳಿಯ ಹಸು ಕಟ್ಟಿಕೊಂಡಿರುವ ಸದಸ್ಯೆಯೊಬ್ಬರು ಎರಡು ಚೀಟಿಗಳನ್ನು ಹಿಡಿದು ನನ್ನ ಮನೆಗೆ ಬಂದರು. "ಮೇಷ್ಟ್ರೇ, ಹಸು ಅದೇ, ಮೇವು ಅದೇ. ಕೈಯಲ್ಲಿ ಬರೆದಾಗ ಹೆಚ್ಚು ಬರುತ್ತೆ, ಮಿಷನ್ ಬರೆದಾಗ ಕಡಿಮೆ ಬರುತ್ತೆ. ನೀವು ಒಂದು ಸಲ ಲೆಕ್ಕ ನೋಡಿ" ಎಂದರು.

ಒಂದೇ ಹಾಲನ್ನು ಎರಡೂ ರೀತಿಯಲ್ಲಿ ಪರೀಕ್ಷಿಸಿದೆವು. ಡಿಗ್ರಿ 29, ಫ್ಯಾಟ್ 4.5. ಗೋಡೆಯ ತಃಖ್ತೆ 8.51 ಎಂದಿತು, ಪೆಟ್ಟಿಗೆ 8.29 ಎಂದಿತು. ಒಂದು 8.5ನ್ನು ಮುಟ್ಟಿದೆ, ಇನ್ನೊಂದು ಮುಟ್ಟಿಲ್ಲ.

ಪೆಟ್ಟಿಗೆ ಮಾರಿದವರನ್ನು ಸೂತ್ರ ಕೇಳಿದಾಗ ಅದು ತಮ್ಮ ಕಂಪನಿಯ ಗುಟ್ಟು, ಹೇಳಲು ಬರುವುದಿಲ್ಲ ಎಂದರು. ವಾಸ್ತವವಾಗಿ ಆ ಸೂತ್ರ ಗುಟ್ಟೇನಲ್ಲ. ಡೇರಿ ವಿಜ್ಞಾನದ ಪಠ್ಯಗಳಲ್ಲೆಲ್ಲ ರಿಚ್ಮಂಡ್ ಸೂತ್ರ ಎಂಬ ಹೆಸರಿನಲ್ಲಿದೆ. ಡಿಗ್ರಿಯ ಕಾಲು ಭಾಗಕ್ಕೆ ಫ್ಯಾಟಿನ ಐದನೆಯ ಒಂದು ಭಾಗ ಸೇರಿಸಿ, ಅದಕ್ಕೊಂದು ಸ್ಥಿರಾಂಕ ಕೂಡಿಸಬೇಕು. ಗುಟ್ಟಾಗಿ ಉಳಿದಿದ್ದದ್ದು ಈ ಪೆಟ್ಟಿಗೆ ಬಳಸುವ ಸ್ಥಿರಾಂಕ ಯಾವುದು ಎಂಬುದಷ್ಟೇ. ಅದನ್ನು ಕಂಡುಹಿಡಿಯಲು ಹತ್ತನೆಯ ತರಗತಿಯ ಗಣಿತ ಸಾಕಾಯಿತು. ಡಿಗ್ರಿ 29 ಇದ್ದು ಫ್ಯಾಟ್ 4.5 ಮತ್ತು 4.0 ಇದ್ದ ಎರಡು ಚೀಟಿಗಳಲ್ಲಿ 8.29 ಮತ್ತು 8.19 ಎಂದಿತ್ತು, ಅರ್ಧ ಫ್ಯಾಟಿಗೆ 0.10 ಎಂದಾದರೆ ಒಂದು ಫ್ಯಾಟಿಗೆ 0.20. 8.29ರಲ್ಲಿ 7.25ನ್ನೂ 0.90ನ್ನೂ ಕಳೆದರೆ ಉಳಿಯುವುದು 0.14. ಉಳಿದ ಚೀಟಿಗಳಲ್ಲೂ ಅದೇ 0.14 ಬಂತು. ಅದು ಇಂಗ್ಲೆಂಡಿನ ಮೂಲ ಸೂತ್ರದ ಸ್ಥಿರಾಂಕ. ನಮ್ಮ ಸಂಘ ಪಾಲಿಸಬೇಕಾಗಿದ್ದದ್ದು 0.36. ಹಾಲಿನ ತಳಿ, ಲ್ಯಾಕ್ಟೋಮೀಟರಿನ ಉಷ್ಣಾಂಶ ಇವುಗಳಿಗೆ ತಕ್ಕಂತೆ ಬೇರೆ ಬೇರೆ ಕಡೆ ಬೇರೆ ಬೇರೆ ಸ್ಥಿರಾಂಕ ಬಳಸುವುದು ವಾಡಿಕೆಯಾದ್ದರಿಂದ ಇದನ್ನು ಮೋಸವೆಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಆದರೆ ನೂರಾರು ಮನೆಗಳ ಆದಾಯವನ್ನು ನಿರ್ಧರಿಸುವ ಒಂದು ಸಂಖ್ಯೆಯನ್ನು ನೋಡುವ ಹಕ್ಕು ಆ ಮನೆಗಳಿಗೂ ಇರಲಿಲ್ಲ, ದುಡ್ಡು ಕೊಟ್ಟು ಪೆಟ್ಟಿಗೆ ಕೊಂಡ ಸಂಘಕ್ಕೂ ಇರಲಿಲ್ಲ ಎಂಬುದು ನನ್ನನ್ನು ಬಹಳ ಕಾಡಿತು.

ತಂತ್ರಾಂಶ ಬರೆದ ಇಬ್ಬರು

ಹೊಸ ತಂತ್ರಾಂಶವನ್ನು ನಾವೇ ಬರೆಸೋಣ ಎಂಬ ನಿರ್ಣಯವಾದಾಗ ಇಬ್ಬರು ಮುಂದೆ ಬಂದರು. ಒಬ್ಬರು ಕೋಲಾರದ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವ ಉಪನ್ಯಾಸಕರು, ನಮ್ಮ ಊರಿನ ಅಳಿಯ. ಇನ್ನೊಬ್ಬರು ಸಂಘದ ಕಾರ್ಯದರ್ಶಿಯ ತಂಗಿಯ ಮಗ, ಬೆಂಗಳೂರಿನ ಕಂಪನಿಯೊಂದರಲ್ಲಿ ಇಂಜಿನಿಯರ್. ಇಬ್ಬರೂ ಸಂಬಳವಿಲ್ಲದೆ ಕೆಲಸ ಮಾಡಿದರು. ಶನಿವಾರ ರಾತ್ರಿ ಬಸ್ಸಿನಲ್ಲಿ ಬಂದು ಭಾನುವಾರವೆಲ್ಲ ಸಂಘದ ಕಚೇರಿಯಲ್ಲಿ ಕುಳಿತು ಹೋಗುತ್ತಿದ್ದ ಆ ಹುಡುಗನನ್ನು ನಾನು ಮರೆಯಲಾರೆ. ಹಳೆಯ ಕಂಪ್ಯೂಟರಿಗೆ ಡೆಬಿಯನ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿದರು, ಪೈಥಾನ್ ಭಾಷೆಯಲ್ಲಿ ಲೆಕ್ಕದ ಭಾಗ ಬರೆದರು, ದತ್ತಾಂಶ ಇಡಲು ಎಸ್‌ಕ್ಯೂಲೈಟ್ ಬಳಸಿದರು. ಚೀಟಿ ಕನ್ನಡದಲ್ಲಿ ಬರುವಂತೆ ಮಾಡಿದರು. ನಮ್ಮ ಕಡೆ ಮನೆಯಲ್ಲಿ ತೆಲುಗು ಆಡುವವರು ಬಹಳ, ಆದರೆ ಶಾಲೆಯಲ್ಲಿ ಓದಿದ್ದು ಕನ್ನಡವಾದ್ದರಿಂದ ಚೀಟಿ ಕನ್ನಡದಲ್ಲೇ ಇರಲಿ ಎಂದು ಎಲ್ಲರೂ ಹೇಳಿದರು.

ಇಬ್ಬರ ನಡುವಿನ ಭಿನ್ನತೆ ಮೊದಲು ಕಾಣಿಸಿದ್ದು ಒಂದು ಸಣ್ಣ ವಿಷಯದಲ್ಲಿ. ಆ ಕಂಪ್ಯೂಟರಿನ ವೈಫೈ ಕೆಲಸ ಮಾಡಲು ತಯಾರಕರದೇ ಆದ, ಒಳಗನ್ನು ತೋರಿಸದ ಪುಟ್ಟ ತಂತ್ರಾಂಶ, ಅಂದರೆ ಮುಚ್ಚಿದ ಫರ್ಮ್‌ವೇರ್ ಬೇಕಾಗಿತ್ತು. ಇಂಜಿನಿಯರ್ ಅದನ್ನು ಹಾಕಿ ಮುಂದೆ ಹೋದರು. ಉಪನ್ಯಾಸಕರು, ತಂತಿ ಎಳೆದು ಕೆಲಸ ಮಾಡೋಣ, ಒಳಗೇನಿದೆಯೆಂದು ನೋಡಲಾಗದ ವಸ್ತುವನ್ನು ಇಲ್ಲಿ ತರುವುದು ಬೇಡ ಎಂದರು. ಇದು ಇವರಿಬ್ಬರದೇ ತಕರಾರಲ್ಲ. ಡೆಬಿಯನ್ ಸಮುದಾಯವೇ ಇದೇ ಪ್ರಶ್ನೆಯ ಮೇಲೆ 2022ರಲ್ಲಿ ಮತ ಹಾಕಿ, ಮುಚ್ಚಿದ ಫರ್ಮ್‌ವೇರನ್ನು ಅನುಸ್ಥಾಪನೆಯ ಜೊತೆಗೇ ಕೊಡಲು ನಿರ್ಧರಿಸಿ, 2023ರ 12ನೇ ಆವೃತ್ತಿಯಿಂದ ಜಾರಿಗೆ ತಂದಿತು. ನಮ್ಮಲ್ಲಿ ವೈಫೈ ಗೆದ್ದಿತು. ಮಾತು ಅಲ್ಲಿಗೆ ನಿಂತಿತು.

ಹೆಸರಿನ ಹಿಂದಿನ ಚರಿತ್ರೆ

ಪಕ್ಕದ ಊರುಗಳ ಸಂಘಗಳು ಪ್ರತಿ ಕೇಳಲು ಆರಂಭಿಸಿದಾಗ ಪರವಾನಗಿಯ, ಅಂದರೆ ತಂತ್ರಾಂಶವನ್ನು ಯಾರು ಹೇಗೆ ಬಳಸಿ ಹಂಚಬಹುದು ಎಂಬ ಷರತ್ತುಗಳ ಪ್ರಶ್ನೆ ಬಂತು. ಆಡಳಿತ ಮಂಡಳಿಯ ಸಭೆಯಲ್ಲಿ ಉಪನ್ಯಾಸಕರು "ಇದು ಸ್ವತಂತ್ರ ತಂತ್ರಾಂಶ" ಎಂದರೆ ಇಂಜಿನಿಯರ್ "ಇದು ಓಪನ್ ಸೋರ್ಸ್" ಎಂದರು. ಹಿರಿಯ ನಿರ್ದೇಶಕರೊಬ್ಬರು ಎರಡಕ್ಕೂ ಏನು ವ್ಯತ್ಯಾಸ, ಎರಡೂ ಪುಕ್ಕಟೆಯೇ ತಾನೇ ಎಂದು ಕೇಳಿದರು. ಉಪನ್ಯಾಸಕರು ಕೊಟ್ಟ ಉತ್ತರದ ಸಾರವನ್ನು ಇಲ್ಲಿ ಕೊಡುವುದು ಅಗತ್ಯ.

ಅಮೆರಿಕದ ಎಂಐಟಿ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್ಮನ್ ಅವರಿಗೆ 1980ರ ಸುಮಾರಿಗೆ ಒಂದು ಮುದ್ರಣ ಯಂತ್ರದಿಂದ ತೊಂದರೆಯಾಯಿತು. ಹಳೆಯ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಬಳಕೆದಾರರಿಗೆ ಸುದ್ದಿ ಹೋಗುವಂತೆ ಅವರು ತಂತ್ರಾಂಶವನ್ನು ತಿದ್ದಿದ್ದರು. ಜೆರಾಕ್ಸ್ ಕಂಪನಿಯಿಂದ ಬಂದ ಹೊಸ ಯಂತ್ರದ ಜೊತೆ ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಿ ತಿದ್ದಬಹುದಾದ ಮೂಲ ಬರಹ, ಬಂದಿರಲಿಲ್ಲ. ಅದು ತಮ್ಮಲ್ಲಿದ್ದ ಬೇರೊಂದು ವಿಶ್ವವಿದ್ಯಾಲಯದವರು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದೇವೆಂದು ಕೊಡಲು ನಿರಾಕರಿಸಿದರು. ಸ್ಟಾಲ್ಮನ್ 1983ರ ಸೆಪ್ಟೆಂಬರಿನಲ್ಲಿ, ಎಲ್ಲರೂ ತಿದ್ದಿ ಹಂಚಬಹುದಾದ ಕಾರ್ಯಾಚರಣೆ ವ್ಯವಸ್ಥೆಯನ್ನು ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿ, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿಸಿದರು. ಯಾವ ಉದ್ದೇಶಕ್ಕಾದರೂ ಓಡಿಸುವುದು, ಒಳಗನ್ನು ಅಭ್ಯಸಿಸಿ ತಿದ್ದಿಕೊಳ್ಳುವುದು, ಪ್ರತಿಗಳನ್ನು ಹಂಚುವುದು, ತಿದ್ದಿದ ಪ್ರತಿಗಳನ್ನೂ ಹಂಚುವುದು ಎಂಬ ನಾಲ್ಕು ಸ್ವಾತಂತ್ರ್ಯಗಳಿದ್ದರೆ ಮಾತ್ರ ತಂತ್ರಾಂಶವನ್ನು ಸ್ವತಂತ್ರವೆಂದು ಕರೆಯಬಹುದು ಎಂಬುದು ಅವರ ನಿಲುವು. ಇವು ಇಲ್ಲದ ತಂತ್ರಾಂಶ ಅವರ ದೃಷ್ಟಿಯಲ್ಲಿ ಕಳಪೆಯೆಂದಲ್ಲ, ಅನ್ಯಾಯದ್ದು.

1998ರ ಜನವರಿಯಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಸೋರ್ಸ್ ಕೋಡನ್ನು ಬಿಡುಗಡೆ ಮಾಡುವುದಾಗಿ ಹೇಳಿತು. ಇದೇ ಸಮಯವೆಂದು ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಕೆಲವರು ಸೇರಿದಾಗ ಕ್ರಿಸ್ಟೀನ್ ಪೀಟರ್ಸನ್ ಅವರು ಓಪನ್ ಸೋರ್ಸ್ ಎಂಬ ಹೆಸರನ್ನು ಮುಂದಿಟ್ಟರು. ಎರಿಕ್ ರೇಮಂಡ್ ಮತ್ತು ಬ್ರೂಸ್ ಪೆರೆನ್ಸ್ ಅದೇ ತಿಂಗಳು ಓಪನ್ ಸೋರ್ಸ್ ಇನಿಶಿಯೇಟಿವ್ ಆರಂಭಿಸಿದರು. ಹೊಸ ಹೆಸರಿಗೆ ಎರಡು ಕಾರಣಗಳಿದ್ದವು: ಇಂಗ್ಲಿಷಿನ ಫ್ರೀ ಎಂಬ ಪದಕ್ಕೆ ಬಿಟ್ಟಿ ಎಂಬ ಅರ್ಥವೂ ಇರುವುದು, ಮತ್ತು ಸ್ವಾತಂತ್ರ್ಯ, ಅನ್ಯಾಯ ಎಂಬ ಮಾತುಗಳು ವ್ಯಾಪಾರಸ್ಥರನ್ನು ದೂರ ಓಡಿಸುತ್ತವೆ ಎಂಬ ಭಾವನೆ.

ಇಲ್ಲಿ ನನ್ನದೊಂದು ಮಾತು. ಮೊದಲನೆಯ ಕಾರಣ ಕನ್ನಡದಲ್ಲಿ ಹುಟ್ಟುವುದೇ ಇಲ್ಲ. ಉಚಿತ ಬೇರೆ, ಸ್ವತಂತ್ರ ಬೇರೆ; ಬಿಟ್ಟಿ, ಪುಕ್ಕಟೆ ಎಂಬ ಮಾತುಗಳಂತೂ ಇನ್ನೂ ಬೇರೆ. ಒಂದು ನಿಮಿಷ ವಿವರಿಸಿದ ಮೇಲೆ ಆ ಹಿರಿಯ ನಿರ್ದೇಶಕರಿಗೆ ಮತ್ತೆ ಗೊಂದಲವಾಗಲಿಲ್ಲ. ಆದರೂ ಇಬ್ಬರ ನಡುವಿನ ಜಗಳ ಕರಗಲಿಲ್ಲ. ಹೆಸರಿನ ಗೊಂದಲ ತೆಗೆದ ಮೇಲೂ ಜಗಳ ಉಳಿದದ್ದರಿಂದ, ಅದು ಮೂಲತಃ ಹೆಸರಿನ ಜಗಳವಲ್ಲ ಎಂದು ನನಗೆ ಮನವರಿಕೆಯಾಯಿತು. ಓಪನ್ ಸೋರ್ಸಿನ ಹತ್ತು ಅಂಶಗಳ ವ್ಯಾಖ್ಯೆಯು ಬ್ರೂಸ್ ಪೆರೆನ್ಸ್ ಡೆಬಿಯನ್‌ಗಾಗಿ 1997ರಲ್ಲಿ ಸಿದ್ಧಪಡಿಸಿದ ಸ್ವತಂತ್ರ ತಂತ್ರಾಂಶದ ಮಾರ್ಗಸೂಚಿಯಿಂದಲೇ ಬಂದದ್ದು. ಎರಡು ಪಂಥಗಳೂ ಒಪ್ಪುವ ಪರವಾನಗಿಗಳು ಬಹುಪಾಲು ಒಂದೇ. ಹೀಗಿದ್ದೂ 1999ರಲ್ಲಿ ಅದೇ ಪೆರೆನ್ಸ್, ಸ್ವತಂತ್ರ ತಂತ್ರಾಂಶದ ಬಗ್ಗೆ ಮತ್ತೆ ಮಾತನಾಡುವ ಕಾಲ ಬಂದಿದೆ ಎಂದು ಬರೆದು ತಾವು ಕಟ್ಟಿದ ಸಂಸ್ಥೆಯಿಂದ ದೂರ ಸರಿದರು. ಪಟ್ಟಿ ಒಂದೇ, ಕಾರಣ ಬೇರೆ. ಕಾರಣ ಬೇರೆಯಾದಾಗ ಕಷ್ಟದ ಸಂದರ್ಭದಲ್ಲಿ ತೀರ್ಮಾನವೂ ಬೇರೆಯಾಗುತ್ತದೆ ಎಂಬುದನ್ನು ನಮ್ಮ ಪ್ರಕರಣ ತೋರಿಸಿಕೊಟ್ಟಿತು.

ಯಂತ್ರ ಮಾರುವವರು ಬಂದ ಮೇಲೆ

ಬೇರೊಬ್ಬ ಯಂತ್ರ ಮಾರಾಟಗಾರರು ನಮ್ಮ ತಂತ್ರಾಂಶವನ್ನು ನೋಡಿ ಮೆಚ್ಚಿ, ಇದನ್ನು ತಮ್ಮ ಹೊಸ ಯಂತ್ರದೊಳಗೆ ಅಳವಡಿಸಿ ಜಿಲ್ಲೆಯ ಸಂಘಗಳಿಗೆಲ್ಲ ಮಾರುವುದಾಗಿ ಹೇಳಿದರು. ಅವರ ಷರತ್ತು ಒಂದೇ: ತಾವು ಮಾಡುವ ಬದಲಾವಣೆಗಳನ್ನು ಯಾರಿಗೂ ತೋರಿಸುವ ಹೊಣೆ ತಮಗೆ ಇರಬಾರದು.

ಇಂಜಿನಿಯರ್ ಎಂಐಟಿ ಪರವಾನಗಿಯಡಿ ಕೊಟ್ಟುಬಿಡೋಣ ಎಂದರು. ಬರೆದವರ ಹೆಸರನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಂಡರೆ ಸಾಕು, ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು ಎನ್ನುವ ಪರವಾನಗಿ ಅದು. ಅವರ ವಾದ ಹಗುರವಾದದ್ದಲ್ಲ. ನಮ್ಮ ಊರಿನ ಸಂಘಕ್ಕೆ ಯಂತ್ರ ತಯಾರಿಸುವ ಶಕ್ತಿಯಿಲ್ಲ. ಮಾರುವವರು ಕೈಹಾಕಿದರೆ ಸರಿಯಾದ ಸ್ಥಿರಾಂಕವಿರುವ ತಂತ್ರಾಂಶ ಒಂದು ವರ್ಷದಲ್ಲಿ ಎಷ್ಟೋ ಊರುಗಳನ್ನು ಮುಟ್ಟುತ್ತದೆ. ಪರವಾನಗಿಯನ್ನು ಯಾರಾದರೂ ಮುರಿದರೆ ಕೋರ್ಟಿಗೆ ಅಲೆಯಲು ನಮ್ಮಲ್ಲಿ ದುಡ್ಡೂ ಇಲ್ಲ, ವ್ಯವಧಾನವೂ ಇಲ್ಲ. ಕೇಂದ್ರ ಸರ್ಕಾರ 2015ರಲ್ಲಿ ತಂದ ನೀತಿಯ ಹೆಸರಿನಲ್ಲೇ ಓಪನ್ ಸೋರ್ಸ್ ಎಂದಿರುವುದರಿಂದ ಕಚೇರಿಗಳಲ್ಲಿ ಆ ಮಾತು ಬೇಗ ನಡೆಯುತ್ತದೆ ಎಂದೂ ಸೇರಿಸಿದರು. "ಅಣ್ಣಾ, ಅವರು ತಮ್ಮ ಪ್ರತಿ ಮುಚ್ಚಿಕೊಂಡರೂ ನಮ್ಮ ಪ್ರತಿ ಎಲ್ಲೂ ಹೋಗಲ್ಲ, ತೆರೆದೇ ಇರುತ್ತೆ" ಎಂಬುದು ಅವರ ಕೊನೆಯ ಮಾತಾಗಿತ್ತು.

"ನಮ್ಮ ಪ್ರತಿ ತೆರೆದಿರುತ್ತೆ ಕಣಪ್ಪಾ, ಆದರೆ ಆ ಊರಿನವರ ಮುಂದೆ ಇರೋ ಪೆಟ್ಟಿಗೆ ತೆರೆದಿರುತ್ತಾ?" ಎಂದು ಉಪನ್ಯಾಸಕರು ಕೇಳಿದರು. ನಮ್ಮ ಕೋಡೇ ಒಳಗಿರುವ ಪೆಟ್ಟಿಗೆಯಲ್ಲಿ ನಾಳೆ 0.36 ಬದಲಾಗಿ 0.14 ಕೂತರೆ, ನೋಡಲಾಗದೆ ನಿಲ್ಲುವವರು ಮತ್ತೆ ನಮ್ಮಂಥವರೇ. ಆದ್ದರಿಂದ ಕಾಪಿಲೆಫ್ಟ್, ಅಂದರೆ ತಿದ್ದಿ ಹಂಚುವವರೂ ಅದೇ ಸ್ವಾತಂತ್ರ್ಯಗಳನ್ನು ಮುಂದಿನವರಿಗೆ ಕೊಡಬೇಕೆಂಬ ಷರತ್ತು ಇರುವ, ಗ್ನೂ ಯೋಜನೆಯ ಜಿಪಿಎಲ್ ಪರವಾನಗಿಯ 3ನೇ ಆವೃತ್ತಿ ಬೇಕು. ಯಾರಿಗೆ ಯಂತ್ರ ಮಾರುತ್ತಾರೋ ಅವರಿಗೆ ಬದಲಾವಣೆಗಳ ಸಮೇತ ಸೋರ್ಸ್ ಕೋಡ್ ಕೊಡಲೇಬೇಕಾಗುತ್ತದೆ ಎಂದರು.

ಎಂಐಟಿ ಪರವಾನಗಿಯನ್ನು ಸ್ಟಾಲ್ಮನ್ ಅವರ ಸಂಸ್ಥೆಯೂ ಸ್ವತಂತ್ರವೆಂದೇ ಒಪ್ಪುತ್ತದೆ, ಜಿಪಿಎಲನ್ನು ಓಪನ್ ಸೋರ್ಸಿನವರೂ ತಮ್ಮ ಪಟ್ಟಿಯಲ್ಲಿ ಇಟ್ಟಿದ್ದಾರೆ. ಹಾಗಾಗಿ ಇದನ್ನು ಎರಡು ಪಂಥಗಳ ಪರವಾನಗಿಗಳ ಯುದ್ಧವೆಂದು ಹೇಳಿದರೆ ತಪ್ಪಾಗುತ್ತದೆ. ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್ ಜಿಪಿಎಲ್ ಅಡಿಯಲ್ಲಿಯೇ ಇದೆ, ಆದರೆ ಅದನ್ನು ಆರಂಭಿಸಿದ ಲಿನಸ್ ಟೋರ್ವಾಲ್ಡ್ಸ್ ಮಾತನಾಡುವುದು ಸ್ವತಂತ್ರ ತಂತ್ರಾಂಶದವರ ಧಾಟಿಯಲ್ಲಲ್ಲ. 2002ರಿಂದ ಕರ್ನಲಿನ ಕೆಲಸಕ್ಕೆ ಅವರು ಬಿಟ್‌ಕೀಪರ್ ಎಂಬ, ಕೋಡಿನ ಬದಲಾವಣೆಗಳ ದಾಖಲೆಯಿಡುವ ಮುಚ್ಚಿದ ಸಾಧನವನ್ನು ಬಳಸಿದರು. ಅದು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದೇ ಅವರಿಗೆ ಸಾಕಾಗಿತ್ತು. 2005ರಲ್ಲಿ ಅದರ ಕಂಪನಿ ಉಚಿತ ಬಳಕೆಯನ್ನು ಹಿಂತೆಗೆದುಕೊಂಡಿತು. ಆಗ ಟೋರ್ವಾಲ್ಡ್ಸ್ ಅದೇ ಕೆಲಸಕ್ಕೆ ಗಿಟ್ ಎಂಬ ಸ್ವತಂತ್ರ ಸಾಧನವನ್ನು ಬರೆದರು. ಇದೇ ಘಟನೆಯನ್ನು ನಮ್ಮ ಸಭೆಯಲ್ಲಿ ಇಬ್ಬರೂ ಹೇಳಿದರು. ಬೇರೆಯವರ ಮರ್ಜಿಯ ಮೇಲೆ ನಿಂತರೆ ಹೀಗಾಗುತ್ತದೆ ಎಂದು ಉಪನ್ಯಾಸಕರು. ಕೆಲಸ ನಡೆಯುತ್ತಿದ್ದದ್ದರಿಂದಲೇ ಏನು ಬೇಕೆಂದು ತಿಳಿದು ಗಿಟ್ ಹುಟ್ಟಿತು ಎಂದು ಇಂಜಿನಿಯರ್.

ಸಭೆಯ ಅತ್ಯಂತ ಗಟ್ಟಿಯಾದ ಭಾಗ ಬಂದದ್ದು ಇದಾದ ಮೇಲೆ. ಇಂಜಿನಿಯರ್ ಪರವಾನಗಿಯ ಪಠ್ಯವನ್ನು ಅಕ್ಷರ ಬಿಡದೆ ಓದಿ ಬಂದಿದ್ದರು. ತಿದ್ದಿದ ತಂತ್ರಾಂಶವನ್ನು ಅದೇ ಯಂತ್ರದಲ್ಲಿ ಓಡಿಸಲು ಬೇಕಾದ ಮಾಹಿತಿಯನ್ನೂ ಕೊಡಬೇಕು ಎಂಬ ನಿಯಮವನ್ನು 2007ರ 3ನೇ ಆವೃತ್ತಿಯಲ್ಲಿ ಸೇರಿಸಿದ್ದು, ಕೋಡ್ ಕೊಟ್ಟು ಯಂತ್ರಕ್ಕೆ ಮಾತ್ರ ಬೀಗ ಹಾಕುವ ಪದ್ಧತಿಯನ್ನು ತಡೆಯಲು. ಆದರೆ ಆ ನಿಯಮ ಅನ್ವಯಿಸುವುದು ವೈಯಕ್ತಿಕ ಮತ್ತು ಮನೆಬಳಕೆಯ ವಸ್ತುಗಳಿಗೆ. ಸಹಕಾರ ಸಂಘ ಕೊಳ್ಳುವ ಹಾಲಿನ ಯಂತ್ರ ಮನೆಬಳಕೆಯ ವಸ್ತುವಲ್ಲ. ಅಂದರೆ ಜಿಪಿಎಲ್ ಹಾಕಿದರೂ ಮಾರುವವರು ಕೋಡ್ ಕೊಟ್ಟು ಪೆಟ್ಟಿಗೆಗೆ ಬೀಗ ಹಾಕಬಹುದು. ಅಷ್ಟೇ ಅಲ್ಲ, ತೂಕದ ಯಂತ್ರಕ್ಕೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ತಪಾಸಣೆಯೂ ಮುದ್ರೆಯೂ ಆಗಬೇಕು. ಕಂಡಕಂಡವರು ತಿದ್ದಬಹುದಾದ ತಕ್ಕಡಿಯನ್ನು ರೈತರೇ ನಂಬುವುದಿಲ್ಲ. ತಿದ್ದುವ ಸ್ವಾತಂತ್ರ್ಯ ಇಲ್ಲಿ ಯಾರಿಗೆ ಬೇಕು ಎಂದು ಅವರು ಕೇಳಿದರು.

ಉಪನ್ಯಾಸಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಕ್ಕಡಿಯನ್ನೂ ಲೆಕ್ಕವನ್ನೂ ಬೇರೆ ಮಾಡಬೇಕು ಎಂದರು. ತೂಕದ ಮೇಲಿನ ಮುದ್ರೆ ಸರ್ಕಾರದ್ದು. ಅದರ ಹಿಂದೆ ಕಾಯ್ದೆಯಿದೆ, ದೂರು ಕೊಡಲು ಕಚೇರಿಯಿದೆ. ಸೂತ್ರದ ಮೇಲಿನ ಬೀಗ ಮಾರುವವರದು. ಅದರ ಹಿಂದೆ ಅವರ ಇಚ್ಛೆಯಲ್ಲದೆ ಬೇರೇನೂ ಇಲ್ಲ. ಮುದ್ರೆಯೊತ್ತಿದ ತಕ್ಕಡಿಯ ಕಲ್ಲನ್ನು ಯಾರು ಬೇಕಾದರೂ ನೋಡಬಹುದು, ಬದಲಾಯಿಸಲು ಮಾತ್ರ ಬಾರದು. ಲೆಕ್ಕಕ್ಕೂ ಕನಿಷ್ಠ ಅಷ್ಟಾದರೂ ಇರಲಿ ಎಂದರು. ಇದಕ್ಕಿಂತ ಸ್ಪಷ್ಟವಾದ ಮಾತನ್ನು ನಾನು ಈ ವಿಷಯದಲ್ಲಿ ಬೇರೆಲ್ಲೂ ಕೇಳಿಲ್ಲ.

ಇನ್ನೊಂದು ತೊಡಕನ್ನು ತೋರಿಸಿದ್ದೂ ಇಂಜಿನಿಯರೇ. ಮಾರುವವರು ಲೆಕ್ಕವನ್ನು ಪೆಟ್ಟಿಗೆಯಿಂದ ತೆಗೆದು ತಮ್ಮ ಸರ್ವರಿಗೆ ಸಾಗಿಸಿದರೆ, ತಂತ್ರಾಂಶವನ್ನು ಯಾರಿಗೂ ಹಂಚಿದಂತೆಯೇ ಆಗುವುದಿಲ್ಲ. ಆಗ ಅದು ಜಿಪಿಎಲ್ ಹಿಡಿತಕ್ಕೆ ಸಿಗುವುದಿಲ್ಲ. ಇದಕ್ಕೆಂದೇ 2007ರ ನವೆಂಬರಿನಲ್ಲಿ ಬಂದ ಎಜಿಪಿಎಲ್ 3ನೇ ಆವೃತ್ತಿಯು, ತಿದ್ದಿದ ತಂತ್ರಾಂಶವನ್ನು ಜಾಲದ ಮೂಲಕ ಬಳಸುವವರಿಗೂ ಸೋರ್ಸ್ ಕೋಡ್ ಸಿಗಬೇಕೆನ್ನುತ್ತದೆ. ಉಪನ್ಯಾಸಕರು ಕೂಡಲೇ ಎಜಿಪಿಎಲ್ ಕಡೆಗೆ ಬಂದರು. ಆಗ ನಾನು ಒಂದು ಪ್ರಶ್ನೆ ಕೇಳಿದೆ: ನಮ್ಮ ಸಂಘದಲ್ಲಿ ಈ ತಂತ್ರಾಂಶದ ಬಳಕೆದಾರರು ಯಾರು?

ಗುಂಡಿ ಒತ್ತುವವರು ಪರೀಕ್ಷಕರು, ಲೆಕ್ಕ ತೆಗೆಯುವವರು ಕಾರ್ಯದರ್ಶಿ. ಎರಡು ಚೀಟಿ ಹಿಡಿದು ನನ್ನ ಮನೆಗೆ ಬಂದ ಹೆಣ್ಣುಮಗಳು ಯಾವ ಪರವಾನಗಿಯ ಭಾಷೆಯಲ್ಲೂ ಬಳಕೆದಾರಳಲ್ಲ. ಆಕೆಯ ಕೈಗೆ ಬರುವುದು ಒಂದು ತುಂಡು ಕಾಗದ. ಜಿಪಿಎಲ್ ಹಾಕಿದರೆ ಕೋಡ್ ಕೇಳುವ ಹಕ್ಕು ಸಂಘಕ್ಕೆ ಬರುತ್ತದೆ, ಎಜಿಪಿಎಲ್ ಹಾಕಿದರೆ ಕಾರ್ಯದರ್ಶಿಗೆ ಬರುತ್ತದೆ, ಆಕೆಗೆ ಎರಡರಲ್ಲೂ ಬರುವುದಿಲ್ಲ. ಲೆಕ್ಕದಿಂದ ಬದುಕು ಏರುಪೇರಾಗುವುದು ಮಾತ್ರ ಆಕೆಯದೇ. ಈ ಪ್ರಶ್ನೆಗೆ ಇಬ್ಬರಲ್ಲೂ ಸಿದ್ಧ ಉತ್ತರ ಇರಲಿಲ್ಲ. ಆದರೆ ಒಂದು ವ್ಯತ್ಯಾಸವನ್ನು ನಾನು ಗಮನಿಸಿದೆ. ಇಂಜಿನಿಯರ್, ತಂತ್ರಾಂಶ ಸರಿಯಾಗಿ ಲೆಕ್ಕ ಮಾಡಿದರೆ ಆಕೆಗೆ ಬೇರೇನು ಬೇಕು ಎಂದರು. ಉಪನ್ಯಾಸಕರು, ಸರಿಯಾಗಿ ಮಾಡಿದೆಯೆಂದು ಆಕೆ ಯಾರ ಮಾತಿನ ಮೇಲೆ ನಂಬಬೇಕು ಎಂದರು. ತಂತ್ರಾಂಶದ ಗುಣಮಟ್ಟವನ್ನು ಅಳತೆಗೋಲಾಗಿ ಹಿಡಿದರೆ ಆಕೆ ಸಮಾಧಾನಪಡಿಸಬೇಕಾದ ಗ್ರಾಹಕಳಾಗುತ್ತಾಳೆ. ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಹಿಡಿದರೆ ಲೆಕ್ಕ ಕೇಳುವ ಸದಸ್ಯೆಯಾಗುತ್ತಾಳೆ. ಸಹಕಾರ ಸಂಘದಲ್ಲಿ ಆಕೆ ಸದಸ್ಯೆ. ಈ ಕಾರಣಕ್ಕೆ ನಾನು ಉಪನ್ಯಾಸಕರ ಕಡೆಗೆ ಮತ ಹಾಕಿದೆ.

ತೀರ್ಮಾನ ಮತ್ತು ಅದರ ಬೆಲೆ

ಆಡಳಿತ ಮಂಡಳಿ ಎರಡು ನಿರ್ಣಯಗಳನ್ನು ಕೈಗೊಂಡಿತು. ತಂತ್ರಾಂಶವನ್ನು ಎಜಿಪಿಎಲ್ 3ರ ಅಡಿಯಲ್ಲಿ ಬಿಡುಗಡೆ ಮಾಡುವುದು ಒಂದು. ಪರವಾನಗಿ ಮುಟ್ಟದ ಜಾಗವನ್ನು ನಮ್ಮ ಕೈಯಿಂದಲೇ ಮುಟ್ಟುವುದಕ್ಕಾಗಿ, ಪ್ರತಿ ಚೀಟಿಯ ಕೆಳಗೂ ಡಿಗ್ರಿ, ಫ್ಯಾಟ್, ಬಳಸಿದ ಸೂತ್ರ ಮತ್ತು ಸ್ಥಿರಾಂಕವನ್ನು ಕನ್ನಡದಲ್ಲಿ ಅಚ್ಚು ಮಾಡುವುದು ಇನ್ನೊಂದು. ಎರಡನೆಯದನ್ನು ಸೂಚಿಸಿದವರು ಇಂಜಿನಿಯರ್ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಬೆಲೆಯೂ ತೆರಬೇಕಾಯಿತು. ಯಂತ್ರ ಮಾರುವವರು ಮತ್ತೆ ಬರಲಿಲ್ಲ. ಪ್ರತಿ ಕೇಳಿದ್ದ ಸಂಘಗಳಲ್ಲಿ ಕೆಲವು ಮಾತ್ರ ಕಂಪ್ಯೂಟರ್ ಹೊಂದಿಸಿಕೊಂಡು ನಮ್ಮದನ್ನು ಹಾಕಿಕೊಂಡವು; ಉಳಿದವು ಮುಚ್ಚಿದ ಪೆಟ್ಟಿಗೆಗಳಲ್ಲೇ ಉಳಿದವು. ಆ ಊರುಗಳಲ್ಲಿ ಯಾವ ಸ್ಥಿರಾಂಕ ನಡೆಯುತ್ತಿದೆಯೋ ಎಂದು ಇಂಜಿನಿಯರ್ ಬೇಸರದಿಂದ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ತೀರ್ಮಾನ ಆ ಊರುಗಳಿಗೆ ಒಳ್ಳೆಯದನ್ನೇ ಮಾಡಿತು ಎಂದು ನಾನು ಹೇಳಲಾರೆ.

ನಾಲ್ಕು ತಿಂಗಳ ಮೇಲೆ ನಮ್ಮ ತಂತ್ರಾಂಶದಲ್ಲೇ ಒಂದು ತಪ್ಪು ಸಿಕ್ಕಿತು. ಡಿಗ್ರಿ 29, ಫ್ಯಾಟ್ 4.2 ಇದ್ದರೆ ಎಸ್‌ಎನ್‌ಎಫ್ ಸರಿಯಾಗಿ 8.45. ದರಪಟ್ಟಿಗಾಗಿ ಒಂದು ದಶಮಾಂಶಕ್ಕೆ ಇಳಿಸುವಾಗ, ಶಾಲೆಯಲ್ಲಿ ಕಲಿತಂತೆ, 8.5 ಆಗಬೇಕು. ಕಂಪ್ಯೂಟರ್ 8.45ನ್ನು ದ್ವಿಮಾನ ಪದ್ಧತಿಯಲ್ಲಿ ಹಿಡಿದಿಡುವಾಗ ಅದು ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ಹಾಗಾಗಿ ಪೈಥಾನಿನ ಸಾಮಾನ್ಯ ಆಜ್ಞೆ ಅದನ್ನು 8.4ಕ್ಕೆ ಇಳಿಸುತ್ತದೆ. ಸರಿಯಾಗಿ 8.5ರ ಗಡಿಯಲ್ಲೇ ರೈತರಿಗೆ ನಷ್ಟ. ಕೋಡ್ ಅಷ್ಟೂ ದಿನ ಎಲ್ಲರಿಗೂ ತೆರೆದಿತ್ತು. ಹೊರಗಿನ ಯಾರೂ ನೋಡಿರಲಿಲ್ಲ. ಹೆಚ್ಚು ಕಣ್ಣುಗಳಿದ್ದರೆ ದೋಷಗಳು ಸುಲಭವಾಗಿ ಸಿಗುತ್ತವೆ ಎಂಬ ಎರಿಕ್ ರೇಮಂಡ್ ಅವರ ಪ್ರಸಿದ್ಧ ಮಾತು ಕಣ್ಣುಗಳು ನಿಜವಾಗಿ ನೋಡಿದಾಗ ಮಾತ್ರ ಸತ್ಯ. ಜಾಲದ ಸಂವಹನವನ್ನು ಗುಟ್ಟಾಗಿಡಲು ಜಗತ್ತೇ ಬಳಸುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ 2012ರಿಂದ 2014ರವರೆಗೆ ಹಾಗೆಯೇ ಇತ್ತು.

ನಮ್ಮ ತಪ್ಪನ್ನು ಹಿಡಿದವರು ಇಂಜಿನಿಯರ್. ಸಾಧ್ಯವಿರುವ ಎಲ್ಲ ಡಿಗ್ರಿ ಮತ್ತು ಫ್ಯಾಟಿನ ಜೋಡಿಗಳನ್ನು ಕೈಲೆಕ್ಕದ ಕೋಷ್ಟಕಕ್ಕೆ ಹೋಲಿಸುವ ಪರೀಕ್ಷೆಗಳನ್ನು ಅವರು ಬರೆದಿದ್ದರು. ಸಭೆಯಲ್ಲಿ ಸೋತ ಮೇಲೂ, ಭಾನುವಾರಗಳಂದು ಬಂದು. ದಶಮಾಂಶದಲ್ಲೇ ಲೆಕ್ಕ ಮಾಡುವಂತೆ ತಿದ್ದಿದರು. ಹಳೆಯ ದಾಖಲೆಗಳನ್ನು ಮತ್ತೆ ಓಡಿಸಿ, ಯಾರಿಗೆ ಎಷ್ಟು ಕಡಿಮೆ ಬಂದಿತ್ತೋ ಅಷ್ಟನ್ನು ಮುಂದಿನ ಬಟವಾಡೆಯಲ್ಲಿ ಸೇರಿಸಿ ಕೊಟ್ಟೆವು. ಪರವಾನಗಿಯ ಬಗ್ಗೆ ಮಾತನಾಡಿದಷ್ಟು ಹೊತ್ತು ತಾವು ಪರೀಕ್ಷೆಗಳ ಬಗ್ಗೆ ಯೋಚಿಸಿರಲಿಲ್ಲ ಎಂದು ಉಪನ್ಯಾಸಕರು ಸಭೆಯಲ್ಲೇ ಒಪ್ಪಿಕೊಂಡರು. ಓಪನ್ ಸೋರ್ಸಿನವರು ಕೆಲಸದ ವಿಧಾನಕ್ಕೆ ಕೊಡುವ ಮಹತ್ವ ಎಷ್ಟು ಬೆಲೆಬಾಳುವಂಥದ್ದು ಎಂದು ನನಗೆ ತಿಳಿದದ್ದು ಆ ದಿನ.

ಈಚೆಗೆ ಪಕ್ಕದ ಊರಿನ ಸಂಘವೊಂದು ಮುಚ್ಚಿದ ತಂತ್ರಾಂಶವಿರುವ ಹೊಸ ಯಂತ್ರವನ್ನೇ ಕೊಳ್ಳಲು ಹೊರಟಿತು. ಅಲ್ಲಿಯ ಸದಸ್ಯರು ನಮ್ಮ ಚೀಟಿಯನ್ನು ಸಭೆಗೆ ಒಯ್ದು, ಖರೀದಿ ಪತ್ರದಲ್ಲಿ ಒಂದು ಷರತ್ತು ಬರೆಸಿದರು: ಯಂತ್ರ ಬಳಸುವ ಸೂತ್ರ, ಸ್ಥಿರಾಂಕ, ದಶಮಾಂಶ ಇಳಿಸುವ ಕ್ರಮ ಮೂರನ್ನೂ ಬರಹದಲ್ಲಿ ಕೊಡಬೇಕು, ಬದಲಾಯಿಸಿದರೆ ಮೊದಲೇ ತಿಳಿಸಬೇಕು, ಚೀಟಿಯ ಮೇಲೆ ಅಚ್ಚು ಮಾಡಬೇಕು. ಮಾರುವವರು ಒಪ್ಪಿದರು, ಸೋರ್ಸ್ ಕೋಡ್ ಮಾತ್ರ ಕೊಡುವುದಿಲ್ಲ ಎಂದರು. ರೈತರಿಗೆ ಬೇಕಾದದ್ದು ಸಿಕ್ಕಿತು ಎನ್ನುತ್ತಾರೆ ಇಂಜಿನಿಯರ್. ಕಾಗದದ ಮೇಲೆ ಬರೆದ ಸೂತ್ರವೇ ಪೆಟ್ಟಿಗೆಯೊಳಗೂ ಇದೆಯೆಂದು ತಿಳಿಯಲು ಕೋಡ್ ಬೇಕೇ ಬೇಕು ಎನ್ನುತ್ತಾರೆ ಉಪನ್ಯಾಸಕರು. ಆ ಸಂಘದವರು ವಾರಕ್ಕೊಮ್ಮೆ ಇಪ್ಪತ್ತು ಚೀಟಿಗಳನ್ನು ನನ್ನ ಬಳಿ ಕಳಿಸುತ್ತಾರೆ. ನಾನು ಡಿಗ್ರಿಯ ಕಾಲು ಭಾಗವನ್ನೂ ಫ್ಯಾಟಿನ ಐದನೆಯ ಒಂದು ಭಾಗವನ್ನೂ ಕಳೆದು, ಉಳಿದದ್ದು 0.36 ಹೌದೋ ಅಲ್ಲವೋ ಎಂದು ನೋಡಿ ಸಹಿ ಹಾಕಿ ಕಳಿಸುತ್ತೇನೆ.